ನಡುರಾತ್ರಿಯ ಹಾಲು ಮತ್ತು ಎರಡನೇ ಶಸ್ತ್ರಚಿಕಿತ್ಸೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಇಳಿದ ತೂಕದಲ್ಲಿ ಒಂದು ಪಾಲು ಮರಳಿ ಬಂದ ಮೇಲೆ, ಇನ್ನೊಮ್ಮೆ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರ ಸಂಖ್ಯೆ ಈಚೆಗೆ ಹೆಚ್ಚುತ್ತಿದೆ. ಅವರಲ್ಲಿ ಬಹುತೇಕರಿಗೆ ಬೇಕಾಗಿರುವುದು ಸಹಿ. ಶಸ್ತ್ರಚಿಕಿತ್ಸಕರು ಮಾನಸಿಕ ಸಿದ್ಧತೆಯ ಬಗ್ಗೆ ವರದಿ ಕೇಳಿರುತ್ತಾರೆ, ದಿನಾಂಕ ಗೊತ್ತಾಗಿರುತ್ತದೆ, ನಡುವೆ ನನ್ನದೊಂದು ಕಾಗದ ಮಾತ್ರ ಬಾಕಿ ಇರುತ್ತದೆ. ಇಲ್ಲಿ ಬರೆಯುತ್ತಿರುವ ಪ್ರಕರಣವೂ ಹಾಗೆಯೇ ಆರಂಭವಾದದ್ದು. ಇದರಲ್ಲಿ ನಾನು ಎಡವಿದ್ದೇನೆ, ಅದಕ್ಕಾಗಿಯೇ ಇದನ್ನು ಬರೆಯಬೇಕೆನಿಸಿತು. ಆಕೆಯ ಒಪ್ಪಿಗೆ ಪಡೆದಿದ್ದೇನೆ; ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದ ಗೃಹಿಣಿ. ಅತ್ತೆ, ಗಂಡ, ಇಬ್ಬರು ಮಕ್ಕಳಿರುವ ಮನೆ. ಆರು ವರ್ಷಗಳ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಆಗಿತ್ತು. ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಕಿರಿದಾದ ಕೊಳವೆಯಂತೆ ಉಳಿಸುವ ವಿಧಾನ ಅದು. ಆಗ 112 ಕಿಲೋ ಇದ್ದ ಆಕೆ ಒಂದೂವರೆ ವರ್ಷದಲ್ಲಿ 74ಕ್ಕೆ ಇಳಿದರು. ನನ್ನ ಬಳಿ ಬಂದಾಗ 96. “ಎಲ್ಲಾ ವಾಪಸ್ ಬಂತು ಮೇಡಂ” ಎಂಬುದು ಆಕೆಯ ಮೊದಲ ಮಾತು. ಎಲ್ಲವೂ ಬಂದಿರಲಿಲ್ಲ, ಮೊದಲಿನ ತೂಕಕ್ಕಿಂತ ಇನ್ನೂ 16 ಕಿಲೋ ಕಡಿಮೆಯೇ ಇದ್ದರು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದವರ ತೂಕ ಎರಡನೇ ವರ್ಷಕ್ಕೆ ಸರಾಸರಿ ಶೇ 23ರಷ್ಟು ಇಳಿದಿದ್ದು, ಹತ್ತನೇ ವರ್ಷದ ಹೊತ್ತಿಗೆ ಆ ಇಳಿಕೆ ಶೇ 17ಕ್ಕೆ ಬಂದಿತ್ತು. ಅಲ್ಲಿಯ ಶಸ್ತ್ರಚಿಕಿತ್ಸಾ ವಿಧಾನಗಳು ಬೇರೆಯಾಗಿದ್ದವು, ಆಕೆಗೆ ಮರಳಿ ಬಂದ ತೂಕವೂ ಆ ಸರಾಸರಿಗಿಂತ ಹೆಚ್ಚೇ ಇತ್ತು. ಆದರೂ ಸ್ವಲ್ಪ ತೂಕ ಮರಳುವುದು ಈ ದಾರಿಯಲ್ಲಿ ನಿರೀಕ್ಷಿತವೇ ಎಂಬುದನ್ನು ಆರು ವರ್ಷಗಳಲ್ಲಿ ಒಬ್ಬರೂ ಆಕೆಗೆ ಹೇಳಿರಲಿಲ್ಲ. ಹೇಳಿದ್ದರೂ ಆಗ ಕಿವಿಗೆ ಬಿದ್ದಿರಲಿಲ್ಲವೇನೋ.

ಮೊದಲ ಎರಡು ಭೇಟಿಗಳನ್ನು ನಾನು ಊಟದ ಪುಸ್ತಕದ ಮೇಲೆ ಕಳೆದೆ. ಮಕ್ಕಳ ಹಳೆಯ ನೋಟ್‌ಪುಸ್ತಕದ ಖಾಲಿ ಹಾಳೆಗಳಲ್ಲಿ ಆಕೆ ಹದಿನಾಲ್ಕು ದಿನಗಳದ್ದನ್ನು ನೀಟಾಗಿ ಗೆರೆ ಎಳೆದು ಬರೆದು ತಂದಿದ್ದರು. ಹಗಲಿನ ಊಟದಲ್ಲಿ ಬೆರಳು ತೋರಿಸುವಂಥದ್ದೇನೂ ಇರಲಿಲ್ಲ. ಆದರೆ ಹದಿನಾಲ್ಕರಲ್ಲಿ ಹನ್ನೊಂದು ರಾತ್ರಿಗಳಲ್ಲಿ ಒಂದೇ ಸಾಲು ಇತ್ತು: “ರಾತ್ರಿ 2 ಗಂಟೆ, ಹಾಲು 1 ಲೋಟ, ಮಾರಿ ಬಿಸ್ಕತ್ತು 4.” ಆ ಸಾಲುಗಳ ಪಕ್ಕದಲ್ಲೆಲ್ಲ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಒಂಟಿತನ, ನಿದ್ದೆಗೆಟ್ಟ ಮನಸ್ಸು, ಸಮಾಧಾನಕ್ಕಾಗಿ ತಿನ್ನುವುದು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಎರಡು ದಿಂಬು ಇಟ್ಟುಕೊಂಡು ಒರಗಿ ಮಲಗುತ್ತೇನೆ ಎಂದು ಆಕೆ ಹೇಳಿದ್ದನ್ನೂ ‘ಆತಂಕ’ ಎಂಬ ತಲೆಬರಹದ ಕೆಳಗೇ ಸೇರಿಸಿದ್ದೆ.

ಮೂರನೇ ಭೇಟಿಯಲ್ಲಿ, ಎರಡನೇ ಶಸ್ತ್ರಚಿಕಿತ್ಸೆಯಿಂದ ನಿಮಗೆ ಏನು ಬೇಕು ಎಂದು ಕೇಳಿದೆ. ಎಪ್ಪತ್ತು ಕಿಲೋ, ಮಂಡಿ ನೋವು ಕಡಿಮೆಯಾಗುವುದು, ಮಗಳ ಮದುವೆಯ ಹೊತ್ತಿಗೆ ಹಳೆಯ ರವಿಕೆಗಳು ಮೈಗೆ ಹಿಡಿಸುವುದು ಮುಂತಾದ ಉತ್ತರಗಳನ್ನು ನಿರೀಕ್ಷಿಸಿದ್ದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಆಪರೇಷನ್ ಆದ ಹೊಸದರಲ್ಲಿ ನಾನು ಸಾಕು ಅಂದ್ರೆ ಬಡಿಸೋರು ನಿಲ್ಲಿಸ್ತಿದ್ರು ಮೇಡಂ. ಈಗ ಯಾರೂ ನಿಲ್ಲಿಸಲ್ಲ. ಅದೊಂದು ವಾಪಸ್ ಬಂದ್ರೆ ಸಾಕಾಗಿತ್ತು.”

ನಮ್ಮ ಮನೆಗಳಲ್ಲಿ ‘ಸಾಕು’ ಎಂಬ ಮಾತಿಗೆ ಇರುವ ಬೆಲೆ ನಮಗೆಲ್ಲ ಗೊತ್ತಿರುವುದೇ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಬೀಳುತ್ತದೆ. ಎರಡನೇ ಸಲ ಬೇಡವೆಂದವರಿಗೆ ಅಡುಗೆ ರುಚಿಸಲಿಲ್ಲವೇ ಎಂಬ ಪ್ರಶ್ನೆ ಕಾದಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ಒಂದೂವರೆ ವರ್ಷ ಆಕೆಗೆ ಅದರಿಂದ ಬಿಡುಗಡೆ ಸಿಕ್ಕಿತ್ತು. ಅತ್ತೆಯೇ ನೆಂಟರಿಗೆ, “ಅವಳಿಗೆ ಬಲವಂತ ಮಾಡಬೇಡಿ, ಹೊಟ್ಟೆ ಆಪರೇಷನ್ ಆಗಿದೆ” ಎನ್ನುತ್ತಿದ್ದರು. ಆಕೆಗೆಂದೇ ಒಂದು ಸಣ್ಣ ಸ್ಟೀಲ್ ಬಟ್ಟಲು ಇತ್ತು. ಅದರಲ್ಲಿ ಹಿಡಿಸಿದಷ್ಟೇ ಅನ್ನ, ಮಿಕ್ಕದ್ದು ಬೇಳೆ, ಮೊಸರು, ಮೊಟ್ಟೆ. ಯಾವಾಗ ಆ ಬಟ್ಟಲು ಪಕ್ಕಕ್ಕೆ ಸರಿಯಿತೆಂದು ಆಕೆಗೂ ನೆನಪಿಲ್ಲ. ಈಗ ಅದರಲ್ಲಿ ಮೆಂತ್ಯ ನೆನೆಸುತ್ತಾರಂತೆ. ಆಕೆ ಎಲ್ಲರೊಡನೆ ತಟ್ಟೆಗೆ ಮರಳಿದ್ದರು, ಮಕ್ಕಳು ಬಿಟ್ಟದ್ದನ್ನು ತಾವೇ ಮುಗಿಸುವ ಹಳೆಯ ಕೆಲಸವೂ ಮರಳಿ ಕೈಗೆ ಬಂದಿತ್ತು.

ಇದನ್ನು ಕೇಳಿ, ಪ್ರಕರಣದ ಬೀಗದ ಕೈ ಸಿಕ್ಕಿತೆಂದು ನನಗೆ ಒಳಗೊಳಗೇ ಸಂತೋಷವಾಯಿತು. ಈ ವೃತ್ತಿಯಲ್ಲಿ ಇಂಥ ಮಾತಿಗಾಗಿ ನಾವು ಕಾಯುತ್ತಿರುತ್ತೇವೆ, ಸಿಕ್ಕ ಕೂಡಲೇ ಮಿಕ್ಕದ್ದೆಲ್ಲವನ್ನೂ ಅದಕ್ಕೇ ಜೋಡಿಸಿಬಿಡುತ್ತೇವೆ. ಬೇಕಾಗಿರುವುದು ಗೌರವ, ಅದನ್ನು ಶಸ್ತ್ರಚಿಕಿತ್ಸೆಯಿಂದ ಪಡೆಯಲು ಹೊರಟಿದ್ದಾರೆ ಎಂದು ವರದಿಯ ಮೊದಲ ವಾಕ್ಯ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಆಕೆ ಎದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಾಗಿಲ ಬಳಿ ಕೇಳಿದರು: “ಎರಡನೇ ಆಪರೇಷನ್ ಆದಮೇಲೂ ರಾತ್ರಿ ತಣ್ಣನೆ ಹಾಲು ಕುಡೀಬಹುದಾ ಮೇಡಂ? ಅದಿಲ್ಲದೆ ಎದೆ ಉರಿ ಆರೋದೇ ಇಲ್ಲ.”

ಆಕೆಯನ್ನು ಮತ್ತೆ ಕೂರಿಸಿದೆ. ಮೂರು ವರ್ಷಗಳಿಂದ ರಾತ್ರಿ ಹುಳಿನೀರು ಗಂಟಲಿಗೆ ಬಂದು ಎಚ್ಚರವಾಗುತ್ತಿತ್ತು. ಚಪ್ಪಟೆಯಾಗಿ ಮಲಗಿದರೆ ಕೆಮ್ಮು. ಹಾಲು ಕುಡಿದರೆ ಉರಿ ಆರುತ್ತಿತ್ತು. ಬರೀ ಹಾಲು ಕುಡಿದರೆ ಮತ್ತೆ ಬೇಗ ಉರಿ ಬರುತ್ತದೆಂದು ಬಿಸ್ಕತ್ತು. ನಾನು ಕೆಂಪು ಶಾಯಿ ಹಚ್ಚಿದ್ದು ಔಷಧಕ್ಕೆ. ಒಂದು ಲೋಟ ಸಕ್ಕರೆ ಹಾಲು, ನಾಲ್ಕು ಬಿಸ್ಕತ್ತು ಎಂದರೆ ಸುಮಾರು ಇನ್ನೂರೈವತ್ತು ಕ್ಯಾಲೊರಿ. ವಾರದಲ್ಲಿ ಐದಾರು ರಾತ್ರಿ, ವರ್ಷಗಟ್ಟಲೆ. ಮೇಲಾಗಿ, ಕಿರಿದಾದ ಜಠರವನ್ನು ಗಟ್ಟಿ ಆಹಾರ ಬೇಗ ತುಂಬುತ್ತದೆ. ಹಾಲು, ಜ್ಯೂಸು, ಕರಗಿದ ಬಿಸ್ಕತ್ತು ಸಲೀಸಾಗಿ ಜಾರಿಹೋಗುತ್ತವೆ. ಸ್ಲೀವ್ ಆದ ಕೆಲವರಲ್ಲಿ ಆ ಕೊಳವೆಯೊಳಗಿನ ಒತ್ತಡ ಹೆಚ್ಚಿ ಆಮ್ಲ ಮೇಲಕ್ಕೆ ನುಗ್ಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಅದು ನನಗೂ ಗೊತ್ತಿತ್ತು. ಆದರೆ ಆ ಎರಡು ದಿಂಬುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ.

ಅಂದು ಕೊಟ್ಟ ಸಲಹೆ ಇಷ್ಟು. ವರದಿಗೆ ಈಗ ಸಹಿ ಹಾಕುವುದಿಲ್ಲ, ನಿರಾಕರಿಸುವುದೂ ಇಲ್ಲ. ಮೊದಲು ಎಂಡೋಸ್ಕೋಪಿ ಆಗಲಿ. ಜಠರದ ಆಕಾರ ತಿಳಿಯಲು ಬೇಕಾದ ಎಕ್ಸ್-ರೇ ಅಥವಾ ಸಿ.ಟಿ. ಆಗಲಿ, ಥೈರಾಯ್ಡ್, ಕಬ್ಬಿಣಾಂಶ, ಬಿ12, ಡಿ ಜೀವಸತ್ವಗಳ ಪರೀಕ್ಷೆಯಾಗಲಿ, ನುಂಗುತ್ತಿರುವ ಪ್ರತಿ ಮಾತ್ರೆಯ ಹೆಸರೂ ಒಂದು ಹಾಳೆಯಲ್ಲಿರಲಿ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯನ್ನು ಆಕೆ ಮಾತ್ರೆ ಎಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸ್ಲೀವ್ ಆದವರಿಗೆ ಎರಡನೇ ಸಲ ಹೆಚ್ಚಾಗಿ ಮಾಡುವುದು ಬೈಪಾಸ್, ಅಂದರೆ ಜಠರದ ಮೇಲ್ಭಾಗದ ಸಣ್ಣ ಚೀಲವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುವುದು; ಅದಾದ ಮೇಲೆ ಅಂಥ ನೋವುನಿವಾರಕಗಳು ಹುಣ್ಣು ಮಾಡಬಲ್ಲವು. ಶಸ್ತ್ರಚಿಕಿತ್ಸಕರನ್ನು ಕೇಳಲು ಮೂರು ಪ್ರಶ್ನೆ ಬರೆದುಕೊಟ್ಟೆ: ನನ್ನ ಹೊಟ್ಟೆಯಲ್ಲಿ ಈಗ ಯಾವ ದೋಷ ಕಾಣುತ್ತಿದೆ, ಎರಡನೇ ಶಸ್ತ್ರಚಿಕಿತ್ಸೆ ಅದರಲ್ಲಿ ಯಾವುದನ್ನು ಸರಿಪಡಿಸುತ್ತದೆ, ಇಂಥ ಮರುಶಸ್ತ್ರಚಿಕಿತ್ಸೆಗಳನ್ನು ನೀವು ಎಷ್ಟು ಮಾಡಿದ್ದೀರಿ.

ಆಪ್ತಸಲಹೆಗಾರರು ರೋಗಿಯನ್ನು ಅಲೆದಾಡಿಸುತ್ತಾರೆ, ಬೊಜ್ಜನ್ನು ಮನಸ್ಸಿನ ಕಾಯಿಲೆ ಮಾಡಿಬಿಡುತ್ತಾರೆ ಎಂಬ ದೂರನ್ನು ಶಸ್ತ್ರಚಿಕಿತ್ಸಕ ಮಿತ್ರರಿಂದಲೇ ಕೇಳಿದ್ದೇನೆ. ದೂರಿನ ಎರಡನೇ ಅರ್ಧ ಈ ಪ್ರಕರಣದಲ್ಲಿ ನನಗೇ ಅನ್ವಯಿಸುತ್ತಿತ್ತು ಎಂಬುದನ್ನು ಮರೆಮಾಚುವುದಿಲ್ಲ. ಮೊದಲ ಅರ್ಧವನ್ನು ಮಾತ್ರ ಒಪ್ಪಲಾರೆ. ಒಮ್ಮೆ ಕತ್ತರಿಸಿ ಹೊಲಿದ ಜಾಗದಲ್ಲಿ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ; ಎರಡನೇ ಸಲ ಅಪಾಯ ಮೊದಲಿಗಿಂತ ಹೆಚ್ಚು, ಇಳಿಯುವ ತೂಕ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ. ಇಷ್ಟು ಗೊತ್ತಿದ್ದೂ, ‘ತೂಕ ಬಂತು, ಮತ್ತೆ ಮಾಡಿಸು’ ಎಂಬ ಒಂದೇ ಸಾಲಿನ ಕಾರಣಕ್ಕೆ ಸಹಿ ಹಾಕುವುದು ನನ್ನಿಂದಾಗದು. ಹಾಗೆಯೇ ‘ಬಾಯಿ ಕಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲ’ ಎನ್ನುವ ಮನೆಮಂದಿಯ ಪಕ್ಷವನ್ನೂ ನಾನು ವಹಿಸಲಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನಿನ ಹೆಚ್ಚಿನ ಭಾಗ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ತೆಗೆಯುವುದೂ ಅದನ್ನೇ. ಮೊದಲ ವರ್ಷದ ಆ ನಿರಾಳತೆಯಲ್ಲಿ ಅದರದ್ದೂ ಪಾಲಿದೆ, ಅದು ಪೂರ್ತಿಯಾಗಿ ಆಕೆಯ ಮನೋಬಲವಾಗಿರಲಿಲ್ಲ. ಆಮೇಲಿನ ವರ್ಷಗಳ ಹಸಿವನ್ನು ಮಾತ್ರ ಪೂರ್ತಿಯಾಗಿ ಆಕೆಯ ದೌರ್ಬಲ್ಯವೆಂದು ಎಣಿಸುವುದು ಯಾವ ನ್ಯಾಯ?

2025ರ ಮಾರ್ಚಿನಲ್ಲಿ ತೂಕ ಇಳಿಸುವ ಔಷಧ ಟಿರ್ಜೆಪಟೈಡ್ ಭಾರತದ ಮಾರುಕಟ್ಟೆಗೆ ಬಂದಂದಿನಿಂದ, ಇಂಜೆಕ್ಷನ್ನಲ್ಲೇ ಮುಗಿಸಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಮರಳಿದ ತೂಕಕ್ಕೂ ವೈದ್ಯರು ಇಂಥ ಔಷಧಗಳನ್ನು ಬಳಸುತ್ತಿದ್ದಾರೆ. ಆದರೆ ಇವು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ, ಹುಳಿತೇಗು ಇರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಲೇಬೇಕು.

‘ಸಾಕು’ ಎಂಬ ಮಾತನ್ನೂ ನಾನು ಕೈಬಿಡಲಿಲ್ಲ. ಮುಂದಿನ ಭೇಟಿಗೆ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಗಂಡ ಗಡಿಯಾರ ನೋಡುತ್ತಾ ಕೂತಿದ್ದರು. ಅತ್ತೆಯೇ ಹೆಚ್ಚು ಕೇಳಿಸಿಕೊಂಡವರು. “ನಾವು ಬಡಿಸೋದು ಪ್ರೀತಿಗಲ್ವಾ?” ಎಂದರು. ಪ್ರೀತಿಗೇ, ಆದರೆ ಆ ಪ್ರೀತಿಯಿಂದ ತಪ್ಪಿಸಿಕೊಳ್ಳಲು ನಿಮ್ಮ ಸೊಸೆ ಇನ್ನೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾಗಿ ಬರಬಾರದು ಎಂದೆ. ಮಾತು ಕೊಂಚ ಕಟುವಾಯಿತು. ಮರುವಾರದಿಂದ ಬಟ್ಟಲಲ್ಲಿ ಮೆಂತ್ಯ ನೆನೆಸುವುದು ನಿಂತಿತೆಂದು ಆಮೇಲೆ ತಿಳಿಯಿತು.

ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳತುದಿಯಲ್ಲಿ ಉರಿಯೂತವೂ, ಜಠರದ ತುದಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯ) ರಂಧ್ರದ ಮೂಲಕ ಎದೆಗೂಡಿನತ್ತ ಜಾರಿರುವುದೂ ಕಂಡಿತು. ಆಮ್ಲ ತಗ್ಗಿಸುವ ಮಾತ್ರೆ ಶುರುವಾದ ಮೇಲೆ ರಾತ್ರಿಯ ಹಾಲು ತಾನಾಗಿಯೇ ನಿಂತು, ನಾಲ್ಕು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಇಳಿಯಿತು. ಆದರೆ ಮಾತ್ರೆ ಕಡಿಮೆ ಮಾಡಿದಾಗಲೆಲ್ಲ ಉರಿ ಮರಳುತ್ತಿತ್ತು. ವಪೆಯ ದೋಷವನ್ನು ಸರಿಪಡಿಸಿ ಸ್ಲೀವನ್ನು ಬೈಪಾಸ್ ಆಗಿ ಬದಲಿಸುವುದು ಒಳ್ಳೆಯದೆಂದು ಶಸ್ತ್ರಚಿಕಿತ್ಸಕರು ಹೇಳಿದರು. ಜೀವನವಿಡೀ ಜೀವಸತ್ವದ ಮಾತ್ರೆ, ಕಾಲಕಾಲಕ್ಕೆ ರಕ್ತಪರೀಕ್ಷೆ, ತೂಕ ಎಷ್ಟು ಇಳಿಯುವುದೆಂಬ ಭರವಸೆ ಇಲ್ಲ ಎಂಬುದೆಲ್ಲವನ್ನೂ ತಿಳಿದೇ ಆಕೆ ಒಪ್ಪಿದರು. ನಾನೂ ವರದಿ ಬರೆದೆ. ಸಹಿ ಹಾಕುವ ಮುನ್ನ ಆಕೆಗೆ ಓದಲು ಕೊಟ್ಟಾಗ, ‘ಕಾರಣ’ ಎಂಬಲ್ಲಿ ನಾನು ರೂಢಿಯಂತೆ ‘ತೂಕ ಮರಳಿರುವುದು’ ಎಂದು ಮೊದಲು ಬರೆದಿದ್ದನ್ನು ಬೆರಳಿಟ್ಟು ತೋರಿಸಿ, “ಉರಿನ ಮೇಲೆ ಹಾಕಿ ಮೇಡಂ, ತೂಕ ಆಮೇಲೆ ಬರ್ಲಿ” ಎಂದರು. ಆ ಹಾಳೆಯನ್ನು ಹರಿದು ಹೊಸದಾಗಿ ಬರೆದುಕೊಟ್ಟೆ.