ಮದುವೆ ಖರ್ಚಿಗೆ ಲೆಕ್ಕ ಇದೆ, ಮಾವನ ಆರೈಕೆಗೆ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆಯುತ್ತಾರೆ: ‘ಪಕ್ಕದ ತೋಟದವರ ಮದುವೆಗೆ ಹೋಗಿದ್ದೆ. ನೀರಿನ ಹಾಗೆ ದುಡ್ಡು ಸುರಿದಿದ್ದರು. ಅದರಿಂದ ದೇಶದ ಆದಾಯ ಹೆಚ್ಚುತ್ತದಂತೆ. ನನ್ನ ಹೆಂಡತಿ ಮೂರು ವರ್ಷದಿಂದ ಹಾಸಿಗೆ ಹಿಡಿದ ನನ್ನ ಅಪ್ಪನನ್ನು ನೋಡಿಕೊಳ್ಳುತ್ತಿದ್ದಾಳೆ. ಬೆನ್ನಿಗೆ ಒಂದು ಹುಣ್ಣೂ ಆಗಿಲ್ಲ. ಅದು ಲೆಕ್ಕಕ್ಕೇ ಇಲ್ಲವಂತೆ. ಇದ್ಯಾವ ಅರ್ಥಶಾಸ್ತ್ರ?’

ಲೆಕ್ಕ ಹಾಗೇ ಇದೆ, ಏನು ಮಾಡೋಣ! ಮಂಟಪದ ಬಾಡಿಗೆ, ವಾಲಗದವರ ಸಂಭಾವನೆ, ಅಡುಗೆಯವರ ಕೂಲಿ ಎಲ್ಲಾ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಮನೆಯವರ ಕೆಲಸ ಸೇರುವುದಿಲ್ಲ. ನಾಳೆ ಸಂಬಳ ಕೊಟ್ಟು ಹೋಂ ನರ್ಸ್ ಇಟ್ಟರೆ ಅದೇ ಕೆಲಸ ಸೇರಿಬಿಡುತ್ತದೆ. ಜನಗಣತಿಯಲ್ಲೂ ಬರೀ ಮನೆಗೆಲಸ ಮಾಡುವವರು ‘ಕೆಲಸ ಮಾಡದವರು’.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಇದರ ಬೇರಿಗೆ ಕೈ ಹಾಕಿದ್ದ. ಜನರ ದುಡಿಮೆ, ಖರ್ಚನ್ನು ಸಂಸ್ಥೆಗಳು ರೂಪಿಸುತ್ತವೆ ಎನ್ನುವ ಸಾಂಸ್ಥಿಕ ಅರ್ಥಶಾಸ್ತ್ರ ಶುರುವಾಗಿದ್ದೇ ಅವನಿಂದ ಎನ್ನುತ್ತಾರೆ. ಸಂಸ್ಥೆ ಅಂದರೆ ಬೋರ್ಡು ಹಾಕಿದ ಕಚೇರಿಯಲ್ಲ, ಜನರ ತಲೆಯಲ್ಲಿ ಕೂತುಬಿಟ್ಟ ರೂಢಿ. ನಾಲ್ಕು ಜನ ನೋಡಲಿ ಅಂತ ಮಾಡುವ ಖರ್ಚೂ ಅಂಥ ರೂಢಿಯೇ. ಅವನ ಇನ್ನೊಂದು ಮಾತು ನನಗೆ ಜಾಸ್ತಿ ಚುಚ್ಚುತ್ತದೆ. ಉಳ್ಳವರ ಮನೆಯಲ್ಲಿ ಹೆಂಡತಿ ದುಡಿಯದೆ ಇರುವುದೂ ಗಂಡನ ಅಂತಸ್ತಿನ ಗುರುತು ಅಂದ. ‘ನಮ್ಮನೆ ಹೆಂಗಸರು ಕೆಲಸಕ್ಕೆ ಹೋಗಲ್ಲ’ ಅಂತ ನಮ್ಮಲ್ಲೂ ಹೇಳಿಕೊಳ್ಳುತ್ತಾರಲ್ವಾ? ನಮ್ಮ ತಂದೆ ಜಗಲಿಯಲ್ಲಿ ಕೂತು ನೆಂಟರಿಗೆ ಹಾಗೆ ಹೇಳುವಾಗ, ಅಮ್ಮ ಹಿತ್ತಲಲ್ಲಿ ಅದೇ ನೆಂಟರು ಉಂಡ ತಟ್ಟೆ ತೊಳೆಯುತ್ತಿದ್ದರು.

ಕೂಲಿಯವರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಈ ಜಂಬಕ್ಕೆ ಜಾಗವಿಲ್ಲ, ಲೆಕ್ಕ ಮಾತ್ರ ಇದೇ. ಕಾಫಿ ಕೊಯ್ಲಿನಲ್ಲಿ ಸಂಜೆ ಚೀಲ ತೂಗುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ಮಗುವಿನ ತಾಯಿ ಹಣ್ಣು ಕೊಯ್ಯಲು ಹೋಗಬೇಕಾದರೆ ಲೈನಿನಲ್ಲಿ ಅಜ್ಜಿಯೊಬ್ಬಳು ಸೀರೆಯ ಜೋಲಿ ತೂಗುತ್ತಿರಬೇಕು. ಆ ತೂಗಾಟವನ್ನು ಯಾವ ತಕ್ಕಡಿಗೂ ಹಾಕುವುದಿಲ್ಲ.

ಒಂದು ಅಳತೆ ಮಾತ್ರ ಸಿಗುತ್ತದೆ. 2019ರಲ್ಲಿ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97. ಮಕ್ಕಳು, ಮುದುಕರ ಆರೈಕೆಯ ಹೊತ್ತು ಬೇರೆ.

ಹಾಗಂತ ಮನೆಯವರಿಗೆ ಸಂಬಳ ಕೊಡಿ ಅಂತ ಸುಮ್ನೆ ಹೇಳಿ ಜಾರಿಕೊಳ್ಳುವವನಲ್ಲ ನಾನು. ಮದುವೆಯ ವೈಭವ ಕಣ್ಣಿಗೆ ಕಾಣುತ್ತದೆ. ಆರೈಕೆ ಚೆನ್ನಾಗಿ ಆದಷ್ಟೂ ಏನೂ ಕಾಣುವುದಿಲ್ಲ. ಆಗದ ಹುಣ್ಣನ್ನು ಯಾರಿಗೆ ತೋರಿಸುತ್ತೀರಿ? ಅದರ ಹಿಂದೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಕೈಗಳಿವೆ, ನಡುರಾತ್ರಿಯಲ್ಲೂ.

ಅಂದಹಾಗೆ, ಮದುವೆಗೆ ಹೋಗಿದ್ದೆ ಅಂತ ಬರೆದಿದ್ದೀರಿ. ಹೋಗಿದ್ದೆವು ಅಂತ ಬರೆದಿಲ್ಲ.