ಹಂಚಿನ ಮೇಲಿನ 1865

(ಮಲ್ಲೇಶ್ವರದ ಹಿರಿಯ ಓದುಗರೊಬ್ಬರ ಪತ್ರದ ಸಾರ: “ಹಳೆಯ ಕಟ್ಟಡಗಳನ್ನು ದಾಖಲಿಸಿ ಎಂದು ನೀವು ಕೊಟ್ಟ ಕರೆಯನ್ನು ನಂಬಿ ನಮ್ಮ ಬೀದಿಗೆ ಬಂದ ಹುಡುಗರು, ನಮ್ಮ ತಾತನ ಮನೆಯ ಕಾಲವನ್ನು ‘1900ರ ಆಸುಪಾಸು ಇರಬಹುದು’ ಎಂದು ಬರೆದುಕೊಂಡರು. ಹಂಚಿನ ಮೇಲೆ 1865 ಎಂದು ಅಚ್ಚಾಗಿರುವುದನ್ನು ಇಳಿಸಿ ತೋರಿಸಿದರೂ ಒಪ್ಪಲಿಲ್ಲ. ಅಲ್ಲದೆ, ರೈಸ್ ಸಾಹೇಬರು ನೂರು ವರ್ಷದ ಹಿಂದೆಯೇ ಊರೂರು ಸುತ್ತಿ ಎಲ್ಲವನ್ನೂ ಬರೆದಿಟ್ಟಿರುವಾಗ ಈ ಅಲೆದಾಟ ಏಕೆ? ಪಟ್ಟಿಗೆ ಸೇರಿದ ಮನೆಯನ್ನು ನಾಳೆ ದುರಸ್ತಿ ಮಾಡಲು, ಮಾರಲು ಸರ್ಕಾರ ಬಿಡುತ್ತದೆಯೇ?”)

ಮಾನ್ಯರೇ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಹಂಚನ್ನು ಇಳಿಸಿ, ಒರೆಸಿ, ಓದಿದ ಶ್ರದ್ಧೆಯೂ ಇದೆ. ಹಾಗಾಗಿ ಹಂಚಿನಿಂದಲೇ ಶುರು ಮಾಡುತ್ತೇನೆ.

ನೀವು ಓದಿದ 1865 ಸರಿಯಾಗಿಯೇ ಇದೆ. ಆದರೆ ಅದು ನಿಮ್ಮ ಮನೆಯ ವಯಸ್ಸಲ್ಲ, ಆ ಹಂಚಿನ ವಯಸ್ಸೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಇಸವಿಯನ್ನು ಅವರು ಹೆಸರಿನ ಜೊತೆಗೇ ಹಂಚಿನ ಮೇಲೆ ಒತ್ತುತ್ತಿದ್ದರು, ಈಗಿನ ಮಿಠಾಯಿ ಅಂಗಡಿಗಳು ಡಬ್ಬದ ಮೇಲೆ ಸ್ಥಾಪನೆಯ ವರ್ಷವನ್ನು ಹಾಕಿಕೊಳ್ಳುವ ಹಾಗೆ. ಹಂಚು ನಾಲ್ಕು ದಶಕ ಕಳೆದು ಸುಟ್ಟದ್ದಾದರೂ ಅಚ್ಚಿನಲ್ಲಿ ಇಸವಿ ಅದೇ.

ಹಾಗೆಂದು ಹಂಚನ್ನು ಮೂಲೆಗೆ ಎಸೆಯಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಆಸ್ತಿ ಸರ್ಕಾರದ ಹಿಡಿತಕ್ಕೆ ಬಂದು, ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಆದ್ದರಿಂದ ಬಾಸೆಲ್ ಮಿಶನ್ ಹೆಸರಿರುವ ಹಂಚು ಬಹುಮಟ್ಟಿಗೆ ಅದಕ್ಕೂ ಹಿಂದಿನದು. ಇನ್ನೊಂದು ಕಡೆಯಿಂದ, ಮಲ್ಲೇಶ್ವರ ಬಡಾವಣೆ ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟನ್ನು ಬಿಟ್ಟ ಜನ ಇಲ್ಲಿ ಮತ್ತು ಬಸವನಗುಡಿಯಲ್ಲಿ ಮನೆ ಕಟ್ಟಿಕೊಂಡರು. ಈ ಎರಡು ಗಡಿಗಳ ನಡುವೆ ನಿಮ್ಮ ಮನೆ ಕೂರುತ್ತದೆ. ಹುಡುಗರು ‘1900ರ ಆಸುಪಾಸು’ ಎಂದದ್ದು ಇದೇ ಲೆಕ್ಕದಿಂದ. ‘ಇರಬಹುದು’ ಎಂಬ ಬಾಲವನ್ನೇಕೆ ಸೇರಿಸಿದರು? ಹಂಚು ಕಾಲಿಲ್ಲದೆಯೂ ನಡೆಯುವ ವಸ್ತು. ಹಳೆಯ ಮನೆ ಕೆಡವಿದಾಗ ಅದರ ಹಂಚು, ತೊಲೆ, ಬಾಗಿಲು ಹೊಸ ಮನೆಗೆ ಹೋಗುವುದು ನಮ್ಮಲ್ಲಿ ಮಾಮೂಲು. ಆ ‘ಇರಬಹುದು’ ನಿಮಗೆ ಉದಾಸೀನವಾಗಿ ಕಂಡಿದೆ. ನನಗೆ ಅವರ ಇಡೀ ಪುಟದಲ್ಲಿ ಮೆಚ್ಚುಗೆಯಾದ ಪದ ಅದೇ.

ಈಗ ರೈಸ್ ವಿಚಾರ. ಬೆಂಜಮಿನ್ ಲೂಯಿ ರೈಸ್ ನಮ್ಮೂರಿನವರೇ, 1837ರಲ್ಲಿ ಇಲ್ಲೇ ಹುಟ್ಟಿದವರು. ಅವರ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂತು, ಬೆಂಗಳೂರು ಜಿಲ್ಲೆಯದು ಒಂಬತ್ತನೆಯದು, 1905ರಲ್ಲಿ. ಎಲ್ಲ ಸಂಪುಟಗಳೂ ಸೇರಿ ಶಾಸನಗಳ ಸಂಖ್ಯೆ 9,000ದ ಹತ್ತಿರ ಬರುತ್ತದೆ. ಮೋಟಾರು ರಸ್ತೆಗಳಿಲ್ಲದ ಕಾಲದ ಕೆಲಸವದು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಅಕ್ಷರದ ಕುಳಿಗಳಲ್ಲಿ ಕಾಗದ ಕೂತ ಮೇಲೆ ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದನ್ನು ಒಮ್ಮೆ ಬಿಸಿಲಿನಲ್ಲಿ ನಿಂತು ನೋಡಿದವರು ಆ ಸಂಖ್ಯೆಗೆ ಕೈಮುಗಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ರೈಸ್ ತಮ್ಮ ಸಾಮಗ್ರಿಯನ್ನು ದೊರೆಗಳ ಹೆಸರಿನಡಿ ಜೋಡಿಸಲಿಲ್ಲ. ಜಿಲ್ಲೆ, ತಾಲ್ಲೂಕು, ಊರು, ಅದರ ಮೇಲೊಂದು ಸಂಖ್ಯೆ ಎಂದು ಜೋಡಿಸಿದರು. ಇಂದಿಗೂ ನಾವು ಕಲ್ಲನ್ನು ಹುಡುಕಿಕೊಂಡು ಹೋಗಲು ಸಾಧ್ಯವಾಗಿರುವುದು ಆ ಕ್ರಮದಿಂದ.

ಆದರೆ ‘ಎಲ್ಲವನ್ನೂ’ ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ರೈಸ್ ಹುಡುಕಿದ್ದು ಅಕ್ಷರವನ್ನು. ಅಕ್ಷರವಿಲ್ಲದ ಕಲ್ಲು, ಮಂಟಪ, ಕಲ್ಯಾಣಿ, ಕೋಟೆಗೋಡೆ ಆ ಸಂಪುಟಗಳ ವಿಷಯವಲ್ಲ. ಅವರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ವಾರ್ಷಿಕ ವರದಿಗಳಲ್ಲಿ ದೇವಾಲಯಗಳ ವಾಸ್ತು, ಶಿಲ್ಪಗಳ ಕಡೆಗೂ ಗಮನ ಹರಿಸಿದರು. ನಿಮ್ಮ ತಾತನ ಮನೆಯಂಥ ಕಟ್ಟಡವಾದರೋ, ಆಗ ಇನ್ನೂ ಸುಣ್ಣದ ವಾಸನೆ ಆರದ ಹೊಸಮನೆ! ಅದನ್ನು ಯಾರು ಬರೆದುಕೊಳ್ಳುತ್ತಾರೆ?

ಜೊತೆಗೆ, ಭೂಮಿ ಒಂದೇ ಸಲಕ್ಕೆ ಗಂಟು ಬಿಚ್ಚುವುದಿಲ್ಲ. ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆಂದು ಅಗೆದಾಗ ರೋಮಿನ 163 ಬೆಳ್ಳಿ ನಾಣ್ಯಗಳು ಸಿಕ್ಕವು. ನಿಮ್ಮ ಕಾಡು ಮಲ್ಲೇಶ್ವರದ ಎದುರಿನ ನಂದಿತೀರ್ಥ ಮಣ್ಣು ಸರಿಸಿ ಹೊರಬಂದದ್ದು 1997ರಲ್ಲಿ. ಅಲ್ಲಿಯವರೆಗೆ ಅದು ಬರಿಯ ಖಾಲಿ ಜಾಗ, ನೀವೂ ಅದರ ಪಕ್ಕದಲ್ಲಿ ಎಷ್ಟೋ ಸಲ ಹಾದುಹೋಗಿರುತ್ತೀರಿ. ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಎಂಬ ವೀರನ ಕಲ್ಲು ಕಂಡದ್ದು 2018ರಲ್ಲಿ. ಅದರ ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ‘ಬೆಂಗಳೂರು’ ಎಂಬ ಹೆಸರನ್ನು ನಮಗೆ ಉಳಿಸಿಕೊಟ್ಟ ಬೇಗೂರಿನ ಶಾಸನಕ್ಕಿಂತ ಇದು ಒಂದು ಶತಮಾನಕ್ಕೂ ಹಿಂದಿನದು. 1905ರ ಸಂಪುಟವನ್ನು ಮುಂದಿಟ್ಟುಕೊಂಡು ‘ಎಲ್ಲ ಮುಗಿದಿದೆ’ ಎಂದು ಕೂತಿದ್ದರೆ ಕಿತ್ತಯ್ಯ ಯಾವುದಾದರೂ ಮೋರಿಯ ಚಪ್ಪಡಿಯಾಗುತ್ತಿದ್ದ.

ಬೇಗೂರಿನ ಮಾತು ಬಂದದ್ದರಿಂದ ಇದೂ ಇರಲಿ. ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಸುಮಾರು ಕ್ರಿ.ಶ. 890ರ ಬೇಗೂರಿನ ಕಲ್ಲು, ಆ ಬಲ್ಲಾಳನಿಗಿಂತ ಮೂರು ಶತಮಾನ ಮೊದಲೇ ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಹಾಗೆಂದು ದಾಖಲಿಸುವವರು ಅಜ್ಜಿಯ ಕಥೆಯನ್ನು ಬಿಡಬಾರದು. 1799ರಲ್ಲಿ ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ, ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರ ಮೂಲಕ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ, ಅಂದರೆ ಊರೂರಿನ ವೃತ್ತಾಂತಗಳಲ್ಲಿ, ಊರವರು ಹೇಳಿದ್ದೇ ತುಂಬಿಕೊಂಡಿದೆ. ಅದೂ ಬೇಕು. ಕಂಡದ್ದೊಂದು ಕಡೆ, ಕೇಳಿದ್ದೊಂದು ಕಡೆ ಬರೆಯಬೇಕು, ಅಷ್ಟೆ. ಎರಡೂ ಒಂದೇ ಸಾಲಿನಲ್ಲಿ ಕಲೆತರೆ ಮುಂದಿನವರು ಅಕ್ಕಿಯಿಂದ ಕಲ್ಲು ಆರಿಸುತ್ತಾ ಕೂರಬೇಕಾಗುತ್ತದೆ. ನಮ್ಮ ನಮೂನೆಯಲ್ಲಿ ‘ಮನೆಯವರು ಹೇಳುವಂತೆ’ ಎಂಬ ಬೇರೆ ಕಲಂ ಇದೆ. ನಿಮ್ಮ 1865 ಅಲ್ಲಿ ದಾಖಲಾಗಿದೆ, ಅಳಿಸಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ನಗರದ ಅಂಚಿನ ಹಳ್ಳಿಯೊಂದರಲ್ಲಿ ವೀರಗಲ್ಲೊಂದರ ಚಿತ್ರ ತೆಗೆದೆ. ಬೆಳಕು ಚೆನ್ನಾಗಿತ್ತು, ಕುದುರೆಯ ಕಾಲಿನ ಗೊರಸು ಕೂಡ ಕಾಣುತ್ತಿತ್ತು. ಪಕ್ಕದಲ್ಲಿ ಅಳತೆಪಟ್ಟಿ ಇಡಲಿಲ್ಲ. ಟಿಪ್ಪಣಿಯಲ್ಲಿ ‘ಕೆರೆ ಏರಿಯ ಮೇಲೆ, ಹುಣಸೆಮರದ ಕೆಳಗೆ’ ಎಂದು ಬರೆದುಕೊಂಡೆ. ಈಗ ಅಲ್ಲಿ ಕೆರೆಯಿಲ್ಲ, ಮರವಿಲ್ಲ, ಬಡಾವಣೆಗೆ ಹಳ್ಳಿಯ ಹೆಸರೂ ಇಲ್ಲ. ಆ ಕಲ್ಲು ಮೂರಡಿಯದೋ ಆರಡಿಯದೋ ನನ್ನ ಚಿತ್ರ ನೋಡಿ ಯಾರೂ ಹೇಳಲಾರರು. ಚೆಂದದ ಚಿತ್ರ, ಕೆಲಸಕ್ಕೆ ಬಾರದ ದಾಖಲೆ. ನಿಮ್ಮ ಮನೆಯ ಜಗಲಿ, ಮಂಕಿ ಟಾಪ್ (ಕಿಟಕಿ, ಮುಂಬಾಗಿಲ ಮೇಲಿನ ಮರದ ಚೂಪು ಮಾಡು), ಗೋಡೆಯ ದಪ್ಪ ಎಲ್ಲಕ್ಕೂ ಹುಡುಗರು ಟೇಪು ಹಿಡಿದು ಕಾಡಿದರೆಂದು ಬೇಸರಿಸಿದ್ದೀರಲ್ಲ, ಆ ಕಾಟ ನನ್ನಿಂದ ಅವರಿಗೆ ಬಂದದ್ದು. ಸರ್ವೇ ನಂಬರು, ಹೋಬಳಿ, ಅಕ್ಷಾಂಶ ರೇಖಾಂಶಗಳನ್ನೆಲ್ಲ ಒಟ್ಟಿಗೆ ಬರೆಯಿಸುವುದೂ ಅದಕ್ಕೇ. ಮರದ ಗುರುತನ್ನು ನಾನು ಇನ್ನು ನಂಬುವುದಿಲ್ಲ. ನಮ್ಮ ನಾಡಿನಲ್ಲಿ ಕಟ್ಟಡವೂ ನಿಂತಲ್ಲಿ ನಿಲ್ಲುತ್ತದೆ ಎನ್ನುವಂತಿಲ್ಲ: ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿಯಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಹಳಿಗೆ ದಾರಿ ಬಿಡಲು ಇಡಿಯಾಗಿ ಎತ್ತಿ ಆಚೆಗೆ ಸರಿಸಲಾಯಿತು.

ಇನ್ನು ನಿಮ್ಮ ನಿಜವಾದ ಭಯ. ನಮ್ಮ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಯಾವ ಮನೆಗೂ ಕಾನೂನಿನ ಬೇಲಿ ಬೀಳುವುದಿಲ್ಲ. ರಾಜ್ಯದ 1961ರ ಕಾಯಿದೆಯಡಿ ಸ್ಮಾರಕವನ್ನು ರಕ್ಷಿತವೆಂದು ಸರ್ಕಾರ ಅಧಿಸೂಚನೆ ಹೊರಡಿಸಿಯೇ ಘೋಷಿಸಬೇಕು. ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಎಂದು ನೀವು ಕೇಳಿರುವುದು ಕೇಂದ್ರದ ರಕ್ಷಣೆಯಲ್ಲಿರುವ ಟಿಪ್ಪು ಅರಮನೆಯಂಥ ಸ್ಮಾರಕಗಳಿಗೆ ಸಂಬಂಧಿಸಿದ್ದು. ನೀವು ಮನೆ ಮಾರುವುದನ್ನು ತಡೆಯುವ ಶಕ್ತಿ ನಮಗಿಲ್ಲ. ಇದ್ದಿದ್ದರೆ ಎಂದು ಕೆಲವೊಮ್ಮೆ ಅನಿಸುತ್ತದೆ. ಸಂಪಾದಕನ ದುರಾಸೆ ಎಂದು ಮನ್ನಿಸಿ.

ಒಂದು ಉಪಕಾರ ಮಾಡಿ. ತಾತನವರು ನಿವೇಶನ ಕೊಂಡ ಕ್ರಯಪತ್ರವೋ ಹಳೆಯ ಕಂದಾಯದ ರಸೀದಿಯೋ ಅಟ್ಟದ ಟ್ರಂಕಿನಲ್ಲಿ ಇದ್ದೀತು, ಹುಡುಕಿ. ಅದರ ತಾರೀಖು ಸಿಕ್ಕರೆ ‘ಇರಬಹುದು’ ಎಂಬುದನ್ನು ಹುಡುಗರೇ ಸಂತೋಷದಿಂದ ಹೊಡೆದುಹಾಕುತ್ತಾರೆ. ಇಳಿಸಿದ ಹಂಚನ್ನು ಸೋಪು ಹಾಕಿ ಉಜ್ಜಬೇಡಿ, ಅದು ಮಾಡಿನ ಯಾವ ಕಡೆಯದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಈ ಸಲ ಅವರ ಜೊತೆ ನಾನೂ ಬರುತ್ತೇನೆ, ಭಾನುವಾರ ಬೆಳಿಗ್ಗೆ. ಮಾಡಿನ ಉಳಿದ ಹಂಚುಗಳಲ್ಲೂ ಅದೇ ಅಚ್ಚು ಇದೆಯೇ, ಬೇರೆ ಕಾರ್ಖಾನೆಯ ಹೆಸರು ಬೆರೆತಿದೆಯೇ ಎಂದು ನೋಡಬೇಕಿದೆ. ಏಣಿ ನಿಮ್ಮಲ್ಲೇ ಇದ್ದರೆ ತಿಳಿಸಿ, ಆಟೋದಲ್ಲಿ ಏಣಿ ತರುವುದು ಕಷ್ಟ.

– ಸಂ.