ಫಂಕ್ಷನ್ ಉತ್ತರ ತೋರಿಸುತ್ತದೆ, ಆದರೆ ಕೊಡುವುದಿಲ್ಲ

ನಮಸ್ಕಾರ. ಪೈಥಾನ್ ಭಾಷೆಯಲ್ಲಿ ಬರೆದ ನಿಮ್ಮ ‘ಸರಾಸರಿ’ ಫಂಕ್ಷನ್ (ಹೆಸರಿಟ್ಟು ಕರೆಯುವ ಕೋಡ್ ತುಣುಕು) ಪರದೆಯ ಮೇಲೆ 72.5 ಎಂದು ಸರಿಯಾಗಿ ತೋರಿಸಿದರೂ ಅದರ ಕೆಳಗೆ ‘ನನ್’ (None, ‘ಏನೂ ಇಲ್ಲ’ ಎಂಬ ಮೌಲ್ಯ) ಎಂದು ಬರುತ್ತಿದೆ, ಆ ಫಲಕ್ಕೆ 5 ಕೂಡಿಸಲು ಹೋದರೆ ಟೈಪ್‌ಎರರ್ (ಬಗೆ ಹೊಂದದ ಮೌಲ್ಯಗಳಿಂದ ಬರುವ ದೋಷ) ಬರುತ್ತಿದೆ ಎಂದು ಬರೆದಿದ್ದೀರಿ. ಎರಡು ತೊಂದರೆಗಳಿಗೂ ಮೂಲ ಒಂದೇ. ನಿಮ್ಮ ಲೆಕ್ಕ ಸರಿಯಾಗಿದೆ, ಅದರ ಫಲ ಮಾತ್ರ ಫಂಕ್ಷನ್ನಿನಿಂದ ಹೊರಗೆ ಬರುತ್ತಿಲ್ಲ.

ಪ್ರಿಂಟ್ ಎಂಬುದು ಅಕ್ಷರಗಳನ್ನು ಪರದೆಗೆ ಕಳುಹಿಸುತ್ತದೆಯೇ ಹೊರತು ಫಂಕ್ಷನ್ನನ್ನು ಕರೆದ ಸಾಲಿಗೆ ಏನನ್ನೂ ತಲುಪಿಸುವುದಿಲ್ಲ. ಫಲವನ್ನು ಕರೆದ ಸಾಲಿಗೆ ಹಿಂದಿರುಗಿಸುವ ರಿಟರ್ನ್ ಎಂಬ ಆದೇಶ ಇಲ್ಲದೆ ಮುಗಿಯುವ ಫಂಕ್ಷನ್ ಪೈಥಾನ್‌ನಲ್ಲಿ ತಾನಾಗಿಯೇ ‘ನನ್’ ಎಂಬ ಮೌಲ್ಯವನ್ನು ಹಿಂದಿರುಗಿಸುತ್ತದೆ. ನೀವು ಪ್ರಿಂಟ್‌ನ ಆವರಣದೊಳಗೆ ಸರಾಸರಿಯನ್ನು ಕರೆದಿರುವುದರಿಂದ ಫಂಕ್ಷನ್ ಒಳಗಿನ ಪ್ರಿಂಟ್ 72.5 ಅನ್ನು ತೋರಿಸಿತು, ಹೊರಗಿನ ಪ್ರಿಂಟ್ ಆ ‘ನನ್’ ಅನ್ನು ತೋರಿಸಿತು. ‘ನನ್’ಗೆ 5 ಕೂಡಿಸಲು ಬರುವುದಿಲ್ಲವಾದ್ದರಿಂದಲೇ ಟೈಪ್‌ಎರರ್.

ಒಂದೊಂದೇ ಸಾಲು ಬರೆದು ಕೂಡಲೇ ಫಲ ನೋಡುವ ಇಂಟರಾಕ್ಟಿವ್ ಶೆಲ್‌ನಲ್ಲಿ ಪರೀಕ್ಷಿಸುವವರಿಗೆ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಶೆಲ್ ಹಿಂದಿರುಗಿದ ಮೌಲ್ಯವನ್ನೂ ತಾನೇ ತೋರಿಸುತ್ತದೆ, ಆದರೆ ‘ನನ್’ ಬಂದಾಗ ಸುಮ್ಮನಿರುತ್ತದೆ. ಹೀಗಾಗಿ ಪ್ರಿಂಟ್ ಮಾಡಿದ 72.5 ಮತ್ತು ರಿಟರ್ನ್ ಮಾಡಿದ 72.5 ನೋಡಲು ಒಂದೇ ರೀತಿ ಇರುತ್ತವೆ. ಫಲವು ಸ್ಟ್ರಿಂಗ್ (ಅಕ್ಷರಗಳ ಪಠ್ಯ) ಆಗಿದ್ದರೆ ಒಂದು ಸುಳಿವು ಸಿಗುತ್ತದೆ: ರಿಟರ್ನ್ ಆದದ್ದು ಉದ್ಧರಣ ಚಿಹ್ನೆಗಳೊಂದಿಗೆ ಕಾಣುತ್ತದೆ, ಪ್ರಿಂಟ್ ಆದದ್ದಕ್ಕೆ ಅವು ಇರುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ನಂಬಲರ್ಹವಾದ ಪರೀಕ್ಷೆಯೆಂದರೆ ಫಲವನ್ನು ಒಂದು ವೇರಿಯಬಲ್‌ಗೆ ಹಾಕಿ ನೋಡುವುದು. ‘ಫಲ = ಸರಾಸರಿ(ಅಂಕಗಳು)’ ಎಂಬ ಸಾಲನ್ನು ಓಡಿಸಿದಾಗಲೇ ಪರದೆಯ ಮೇಲೆ ಏನಾದರೂ ಮೂಡಿದರೆ ಒಳಗೆ ಪ್ರಿಂಟ್ ಇದೆ ಎಂದರ್ಥ; ಆಮೇಲೆ ಫಲವನ್ನು ಪ್ರಿಂಟ್ ಮಾಡಿದಾಗ ‘ನನ್’ ಬಂದರೆ ಅನುಮಾನಕ್ಕೆ ಎಡೆಯಿಲ್ಲ.

ಸರಿಪಡಿಸಲು ಒಳಗಿನ ಪ್ರಿಂಟ್ ಅನ್ನು ಅದರ ಆವರಣಗಳ ಸಮೇತ ತೆಗೆದು ಆ ಜಾಗದಲ್ಲಿ ರಿಟರ್ನ್ ಬರೆಯಿರಿ. ‘ರಿಟರ್ನ್ ಪ್ರಿಂಟ್(...)’ ಎಂದು ಎರಡನ್ನೂ ಸೇರಿಸಿದರೆ ಪ್ರಯೋಜನವಿಲ್ಲ, ಪ್ರಿಂಟ್ ಹಿಂದಿರುಗಿಸುವುದೂ ‘ನನ್’ ಅನ್ನೇ. ರಿಟರ್ನ್‌ನ ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ) ಕಡೆಗೂ ಗಮನವಿರಲಿ: ನಿಮ್ಮ ಪ್ರಿಂಟ್ ಈಗ ಫಾರ್ ಲೂಪ್ (ಪಟ್ಟಿಯ ಒಂದೊಂದು ಅಂಶಕ್ಕೂ ಮತ್ತೆ ಮತ್ತೆ ಓಡುವ ಭಾಗ) ಮುಗಿದ ಮೇಲಿದೆ, ರಿಟರ್ನ್ ಕೂಡ ಅಲ್ಲಿಯೇ ಇರಬೇಕು, ಲೂಪ್‌ನ ಒಳಕ್ಕೆ ಸರಿದರೆ ಮೊದಲ ಸುತ್ತಿನಲ್ಲೇ ಫಂಕ್ಷನ್ ಮುಗಿದು ತಪ್ಪು ಸಂಖ್ಯೆ ಬರುತ್ತದೆ, ಆಗ ಯಾವ ಎರರ್ ಕೂಡ ಎಚ್ಚರಿಸುವುದಿಲ್ಲ.

ಇಷ್ಟಾದ ಮೇಲೂ ಕೆಲವು ಪಟ್ಟಿಗಳಿಗೆ ಮಾತ್ರ ‘ನನ್’ ಬಂದರೆ, ಷರತ್ತು ನೋಡಿ ದಾರಿ ಆರಿಸುವ ಇಫ್‌ನ ಯಾವುದೋ ಒಂದು ಕವಲಿನಲ್ಲಿ ರಿಟರ್ನ್ ಬಿಟ್ಟುಹೋಗಿದೆಯೇ ನೋಡಿ. ಖಾಲಿ ಪಟ್ಟಿಗೆಂದು ಬರೆದ ಕವಲಿನಲ್ಲಿ ಎಚ್ಚರಿಕೆಯ ಪ್ರಿಂಟ್ ಹಾಕಿ ಅಷ್ಟಕ್ಕೇ ಬಿಡುವುದು ಬಹಳ ಸಾಮಾನ್ಯ.